ಅಡಿಯ ಲೆಕ್ಕಕ್ಕೆ ಮೂವತ್ತೆರಡು

"ಕೊಂಡಿ ಅನುತ್ತೀರ್ಣ" ಎಂದು ಪರೀಕ್ಷೆಯ ನಮೂನೆಯಲ್ಲಿ ಬರೆದಿದ್ದ ಎರಡು ಪದ ಓದಿ ಮೇಸ್ತ್ರಿಯ ಕಿವಿ ಕೆಂಪೇರಿತು. ಹಗ್ಗ ಹರಿದರೆ ಹಳಿಯನ್ನು ಕಚ್ಚಿ ಲಿಫ್ಟನ್ನು ನಿಲ್ಲಿಸುವ ಕೊಂಡಿ ಅದು. ಮೂವತ್ತೊಂದು ವರ್ಷ ಅಂಥವನ್ನೇ ಜೋಡಿಸಿದ ಕೈ ಅವನದು. ಕೊಂಡಿ ಸೋತರೆ ಪರವಾನಗಿ ರದ್ದು. ಆ ಪತ್ರವೂ ಸಿದ್ಧವಾಗಿ ಪರೀಕ್ಷಕನ ಮೇಜಿನ ಮೇಲಿತ್ತು.

"ಅರ್ಧ ಸೆಕೆಂಡಲ್ಲಿ ಕಚ್ಚಬೇಕಿತ್ತು ಮೇಸ್ತ್ರಿ. ಹತ್ತಿರ ಹತ್ತಿರ ಒಂದು ಸೆಕೆಂಡ್ ತಗೊಂಡಿದೆ," ಎಂದ ಪರೀಕ್ಷಕ, ತಲೆ ಎತ್ತದೆ.

"ಗಡಿಯಾರ ಹಿಡಿದು ನೋಡಿದ್ರಾ ಸಾರ್?"

"ಗಡಿಯಾರ ಯಾಕ್ರೀ? ಬೆಳಿಗ್ಗೆ ಹಗ್ಗ ಬಿಟ್ಟಾಗ ನಾಲ್ಕು ಬಿದ್ದು ನಿಲ್ತು. ನಾಲ್ಕೆರಡ್ಲ ಎಂಟು. ಅದನ್ನ ಒಂಬತ್ತು ಪಾಯಿಂಟ್ ಎಂಟರಿಂದ ಭಾಗಿಸಿ, ವರ್ಗಮೂಲ ತೆಗೀರಿ. ಸ್ಕೂಲಲ್ಲಿ ಕಲ್ತಿಲ್ವಾ?"

"ಕಲ್ತಿದೀನಿ. ನಾಲ್ಕು ಏನು ಸಾರ್?"

"ಏನು ಅಂದ್ರೆ? ನಾಲ್ಕು!"

"ನಾಲ್ಕು ಕುರಿಯಾ? ನಾಲ್ಕು ಕೊಡೆಯಾ?"

ಪಕ್ಕದ ಮೇಜಿನ ಗುಮಾಸ್ತೆ ಬಾಯಿಗೆ ಕೈ ಅಡ್ಡ ಹಿಡಿದಳು.

ಮೇಸ್ತ್ರಿ ನಗಲಿಲ್ಲ. ಲಿಫ್ಟ್ ಇಳಿಯುವ ಬಾವಿಯ ಗೋಡೆಗೆ ಬಡಿದಿದ್ದ ಅಳತೆಪಟ್ಟಿ ಅಡಿಗಳದು. ಇಲಾಖೆ ಹೋದ ವರ್ಷ ನಮೂನೆಯನ್ನು ಮೀಟರಿಗೆ ಬದಲಾಯಿಸಿತು. ಪಟ್ಟಿಯ ಗೋಜಿಗೆ ಹೋಗಲಿಲ್ಲ. ಬೀಳುವ ವಸ್ತುವಿನ ವೇಗ ಸೆಕೆಂಡಿನಿಂದ ಸೆಕೆಂಡಿಗೆ ಏರುವ ಪ್ರಮಾಣ ಮೀಟರಿನಲ್ಲಿ 9.8, ಅಡಿಯಲ್ಲಿ ಮೂವತ್ತೆರಡು. ಈ ಮಹಾಶಯ ಅಡಿಯನ್ನು ಓದಿ ಮೀಟರಿನ ಅಂಕಿಯಿಂದ ಭಾಗಿಸಿದ್ದ.

ಮೇಸ್ತ್ರಿ ನಮೂನೆಯನ್ನು ಮಗುಚಿ ಅದರ ಬೆನ್ನಿನ ಮೇಲೆಯೇ ಬರೆದ. "ಎಂಟನ್ನ ಮೂವತ್ತೆರಡರಿಂದ ಭಾಗಿಸಿ, ಕಾಲು. ವರ್ಗಮೂಲ ಅರ್ಧ. ನಿಮ್ಮ ಮೀಟರೇ ಬೇಕಾ? ನಾಲ್ಕಡಿ ಅಂದ್ರೆ ಒಂದು ಪಾಯಿಂಟ್ ಎರಡು ಎರಡು ಮೀಟರ್. ಈಗ ನಿಮ್ಮ ಒಂಬತ್ತು ಪಾಯಿಂಟ್ ಎಂಟು ಹಾಕಿ. ಆಗ್ಲೂ ಅರ್ಧ!"

ಪರೀಕ್ಷಕ ಎರಡು ಸಲ ಲೆಕ್ಕಯಂತ್ರ ಒತ್ತಿದ. ಮೂರನೆಯ ಸಲ ಬೆರಳು ಮೆತ್ತಗಾಗಿತ್ತು. ಹೊಸ ನಮೂನೆ ತೆಗೆದು, "ದುರಸ್ತಿಯ ನಂತರ ಉತ್ತೀರ್ಣ" ಎಂದು ಬರೆದು ಸಹಿಗೆ ಸರಿಸಿದ.

"ದುರಸ್ತಿ ಯಾರು ಮಾಡಿದ್ರು?" ಮೇಸ್ತ್ರಿಯ ಧ್ವನಿಗೆ ಇಡೀ ಕಚೇರಿ ಇತ್ತ ತಿರುಗಿತು.

"ಹಾಗೆ ಬರೆಯೋದು ರೂಢಿ. ಪರವಾನಗಿ ಉಳೀತಲ್ಲ, ಬಿಡಿ."

"ಬಿಡೋದಾ? ಕೊಂಡಿ ಕೆಟ್ಟಿತ್ತು ಅಂತ ನನ್ನ ಕೈಲೇ ಸಹಿ ಹಾಕಿಸ್ತೀರಾ? ಒಂದು ತಿರುಪು ಮುಟ್ಟಿಲ್ಲ ನಾನು!"

ಅವನು ಪೆನ್ನಿನ ಮುಚ್ಚಳ ಹಾಕಿ, ಎದುರಿನ ಕುರ್ಚಿಯಲ್ಲಿ ಕುಳಿತುಬಿಟ್ಟ. ಊಟದ ಗಂಟೆ ಬಾರಿಸಿತು. ಅವನು ಏಳಲಿಲ್ಲ, ಪರೀಕ್ಷಕನಿಗೂ ಏಳಲಾಗಲಿಲ್ಲ. ಗುಮಾಸ್ತೆ ತಾನಾಗಿಯೇ ಮೂರನೆಯ ನಮೂನೆ ತಂದಿಟ್ಟಳು.

"ಮೊದಲ ಪರೀಕ್ಷೆಯಲ್ಲೇ ಉತ್ತೀರ್ಣ, ಲೆಕ್ಕ ತಪ್ಪಾಗಿತ್ತು" ಎಂದು ಪರೀಕ್ಷಕ ಬರೆದ. ಮೇಸ್ತ್ರಿ ಓದಿ, ಹಾಳೆಯನ್ನು ಹಿಂದಕ್ಕೆ ತಳ್ಳಿದ.

"ಯಾರ ಲೆಕ್ಕ ಅಂತಾನೂ ಬರೀರಿ ಸಾರ್."