ಕಾರಿಗೆ ಕೊಂಡಿ, ಹಿಂದೆ ಜೇನು

ಸ್ವಲ್ಪ ನಿಲ್ಲಿ, ಇದನ್ನು ಕೇಳಿಯೇ ಮುಂದೆ ಹೋಗಿ. ಕಾರಿನ ಹಿಂದೆ ಟ್ರೇಲರ್ ಕಟ್ಟುವ ಯೋಚನೆ ಇದ್ದರಂತೂ ಕೇಳಲೇಬೇಕು!

ನಮ್ಮಕ್ಕ ಜೇನು ಸಾಕುತ್ತಾಳೆ. ಇಲ್ಲಿ ಹೂವು ಮುಗಿದಿತ್ತು. ಪೆಟ್ಟಿಗೆಗಳನ್ನು ಸೂರ್ಯಕಾಂತಿ ಹೊಲಕ್ಕೆ ಸಾಗಿಸದಿದ್ದರೆ ಹುಳುಗಳಿಗೆ ಉಪವಾಸ. ಟ್ರೇಲರ್ ಏನೋ ಸಿಕ್ಕಿತು. ಕಾರಿಗೆ ಸಿಕ್ಕಿಸುವುದು ಹೇಗೆ?

"ಬಂಪರ್ ಹಿಂದಿನ ಕಬ್ಬಿಣದ ಪಟ್ಟಿಗೆ ಕೊಕ್ಕೆ ವೆಲ್ಡ್ ಮಾಡಿಬಿಡ್ತೀನಿ," ಎಂದರು ಭಾವ. ಅವರದು ಗೇಟು ಮಾಡುವ ಕೆಲಸ. "ನನ್ನ ವೆಲ್ಡಿಂಗ್ ಇವತ್ತಿನವರೆಗೂ ಬಿಟ್ಟಿಲ್ಲ."

"ವೆಲ್ಡಿಂಗ್ ಬಿಡಲ್ಲ ಭಾವ, ಪಟ್ಟಿನೇ ಕಿತ್ಕೊಂಡು ಬರುತ್ತೆ!" ನಕ್ಕಳು ಅಕ್ಕನ ಗೆಳತಿ, ಗ್ಯಾರೇಜ್ ನಡೆಸುವವಳು. "ಅದು ಡಿಕ್ಕಿಯಾದ್ರೆ ನಜ್ಜುಗುಜ್ಜಾಗೋಕೆ ಇರೋದು, ಭಾರ ಎಳೆಯೋಕಲ್ಲ. ಕೆಳಗೆ ನೋಡಿ."

ಭಾವ ಟಾರ್ಚ್ ಹಿಡಿದು ಕಾರಿನಡಿ ನುಸುಳಿದರು. "ಅರೆ, ಚಾಸಿಯ ಉಕ್ಕಿನ ಚೌಕಟ್ಟಲ್ಲಿ ಮೊದಲೇ ತೂತುಗಳಿವೆಯಲ್ಲ! ಯಾಕೆ?"

"ಇಲಿ ಕೊರೆದಿದ್ದಲ್ಲ. ರಿಸೀವರ್ ಕೂರಿಸೋಕೆ. ಚೌಕ ಬಾಯಿಯ ಗಟ್ಟಿ ಉಕ್ಕಿನ ಕೊಳವೆ ಅದು. ಈ ಕಾರಿನ ಮಾದರಿಗೇ ಮಾಡಿದ್ದು ತರಬೇಕು."

"ದೊಡ್ಡದು ತಂದ್ರೆ ಜಾಸ್ತಿ ಎಳೆಯುತ್ತಾ?"

"ಎಲ್ಲಿಂದ! ಕಾರು, ರಿಸೀವರ್, ಟ್ರೇಲರ್ ಕೂರೋ ಗುಂಡು, ಮೂರರಲ್ಲಿ ಯಾವುದು ಕಡಿಮೆ ಭಾರ ತಡೆಯುತ್ತೋ ಅಷ್ಟೇ ಎಳೆಯೋದು. ಕಾರಿನ ಕೈಪಿಡಿ ನೋಡಿ. ಟ್ರೇಲರನ್ನ ಪೆಟ್ಟಿಗೆಗಳ ಸಮೇತ ತೂಗಿ."

ಟ್ರೇಲರನ್ನೂ ಒಂದು ಪೆಟ್ಟಿಗೆಯನ್ನೂ ತೂಗಿ ಲೆಕ್ಕ ಹಾಕಿದೆವು, ಮಿತಿಯೊಳಗಿತ್ತು. ಅವಳು ರಿಸೀವರ್ ಕೂರಿಸಿ, ಬೋಲ್ಟುಗಳನ್ನು ತಯಾರಕರು ಹೇಳಿದಷ್ಟು ಬಿಗಿಗೆ, ಬಲ ಅಳೆಯುವ ಪಾನಾದಲ್ಲೇ ಬಿಗಿದಳು. ಟ್ರೇಲರಿನ ದೀಪದ ತಂತಿಯನ್ನೂ ಜೋಡಿಸಿದಳು. ರಿಸೀವರಿನ ಬಾಯಿಗೆ ಸಿಕ್ಕಿಸಿದ ಗುಂಡು ಮಾತ್ರ ಭಾವ ಹಳೇ ಸಾಮಾನಿನಂಗಡಿಯಿಂದ ತಂದಿದ್ದು.

ಸಂಜೆ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆ ಮುಚ್ಚಿ ಏರಿಸಿದೆವು. ಟ್ರೇಲರಿನ ಮೂತಿಯನ್ನು ಗುಂಡಿನ ಮೇಲೆ ಕೂರಿಸಿದಾಗ ಅದರ ಲಾಕ್ ಟಕ್ ಎಂದಿತು. ಅಕ್ಕ ಕಾರಿಗೆ ಕೀ ಹಾಕಿದಳು.

"ತಡಿ, ಹೊರಡ್ಬೇಡ," ಎಂದಳು ಗೆಳತಿ. "ಭಾವ, ಟ್ರೇಲರಿನ ಮೂತಿ ಒಂದ್ಸಲ ಎತ್ತಿ."

ಎತ್ತಿದರು. ಲಾಕ್ ಹಾಕಿದ ಹಾಗೇ ಇತ್ತು, ಮೂತಿ ಮಾತ್ರ ಗುಂಡು ಬಿಟ್ಟು ಕೈಗೆ ಬಂತು! ಗುಂಡು ಒಂಚೂರು ಚಿಕ್ಕದು, ಅಷ್ಟೇ.

"ಹೊಲ ಇಲ್ಲೇ ತಾನೇ? ನಿಧಾನ ಹೋಗ್ತೀನಿ," ಎಂದಳು ಅಕ್ಕ. ಪೆಟ್ಟಿಗೆಗಳು ಗುಂಯ್ ಎನ್ನುತ್ತಿದ್ದವು.

ಭಾವ ಕೀ ತೆಗೆದು ಜೇಬಿಗಿಳಿಸಿದರು. "ದಾರಿಯ ಇಳಿಜಾರಲ್ಲಿ ಮಕ್ಕಳು ಆಡ್ತಿರ್ತಾರೆ ಕಣೇ. ಇವತ್ತಿಗೆ ಸಕ್ಕರೆ ಪಾಕ ಇಡು. ನಾಳೆ ಅಳತೆ ನೋಡಿ ಗುಂಡು ತರ್ತೀನಿ."

ಮರುದಿನ ಸಂಜೆ ಸರಿ ಅಳತೆಯ ಗುಂಡಿನ ಮೇಲೆ ಕೂರಿಸಿ ಮೂತಿ ಎತ್ತಿದರೆ, ಅದು ಬಿಡದೆ ಕಾರಿನ ಹಿಂಭಾಗವೇ ಮೇಲೆದ್ದಿತು. ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಂತೆ ಅಡ್ಡ ಹಾಕಿ ಹೊರಟರು. ಜೇನು ಹೂವು ಸೇರಿತು.

ನೀವೂ ಚಾಸಿಗೆ ಬೋಲ್ಟ್ ಹಾಕುವ ರಿಸೀವರನ್ನೇ ತನ್ನಿ, ಬಲ್ಲವರಿಂದಲೇ ಕೂರಿಸಿ, ನಿಮ್ಮೂರಿನ ನಿಯಮ ವಿಚಾರಿಸಿ. ಹೊರಡುವ ಮುಂಚೆ ಮೂತಿ ಎತ್ತಿ ನೋಡಿ.

ಅಂದಹಾಗೆ, ಹುಳುಗಳು ಹಸಿದಿದ್ದು, ಹೊಲ ಹತ್ತಿರವಿದ್ದು, ಲಾಕೂ ಟಕ್ ಎಂದಿದ್ದರೆ, ನೀವೇನು ಮಾಡುತ್ತಿದ್ದಿರಿ?