ನೆನೆಸದ ಬಟ್ಟೆ

ಟೈಲರ್ ಮಾಸ್ಟರು ಗಿರಾಕಿಗಳ ಬಟ್ಟೆಯನ್ನು ಮೊದಲು ಬಕೆಟ್ಟಿನಲ್ಲಿ ನೆನೆಸಿ, ಒಣಗಿಸಿ, ಆಮೇಲಷ್ಟೇ ಕತ್ತರಿ ಹಾಕುತ್ತಿದ್ದರು. "ಕುಡಿದ ಮನುಷ್ಯನ್ನ ನಂಬಬಾರದು, ನೀರು ಕುಡಿಯದ ಬಟ್ಟೇನ ನಂಬಬಾರದು. ಎರಡೂ ಆಮೇಲೆ ಕುಗ್ಗುತ್ವೆ" ಎನ್ನುವುದು ಅವರ ಅಂಗಡಿಯ ವೇದವಾಕ್ಯ.

ಸ್ವಂತ ಮಗಳ ಬಟ್ಟೆಗೆ ಮಾತ್ರ ಬಕೆಟ್ಟೂ ಇಲ್ಲ, ಟೇಪೂ ಇಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಊರ ಮಕ್ಕಳ ಯೂನಿಫಾರ್ಮೆಲ್ಲ ಮುಗಿಸಿ, ಕೊನೆಗೆ ಉಳಿದ ಹತ್ತಿಬಟ್ಟೆಯ ಮೇಲೆ ಅವಳ ಹಳೇ ಲಂಗ ಹರಡಿ, ಅದೇ ಅಳತೆಗೆ ಕತ್ತರಿಸುತ್ತಿದ್ದರು. ಬೆಳೆಯುವ ಹುಡುಗಿಯೆಂದು ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿಯುತ್ತಿದ್ದರು. ಒಗೆದು ಒಗೆದು ಲಂಗ ಮಂಡಿಯ ಮೇಲೇರುತ್ತಿತ್ತು. ಮಾಸ್ಟರು ಮಡಿಕೆ ಬಿಚ್ಚಿ ಇಳಿಸುತ್ತಿದ್ದರು.

"ನೋಡೇ, ಮಗಳು ನಾಲ್ಕು ಬೆರಳು ಬೆಳೆದಿದಾಳೆ!"

"ಬೆಳೆದಿದ್ರೆ ನನ್ನ ಭುಜಕ್ಕೆ ಬರಬೇಕಿತ್ತಲ್ರೀ" ಎನ್ನುತ್ತಿದ್ದಳು ಹೆಂಡತಿ. "ಎರಡು ವರ್ಷದಿಂದ ಅಲ್ಲೇ ಇದಾಳೆ, ಕಂಕುಳ ಕೆಳಗೆ."

"ನೀನೂ ಬೆಳೀತಿದೀಯ, ಅದಕ್ಕೆ."

"ನಾನು ಬೆಳೀತಿರೋದು ಅಡ್ಡಕ್ಕೆ!"

ಮಗಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವಳಂತೆ ತುಟಿ ಬಿಗಿದು, "ಮ್ಮ್... ಬೆಳೆದಿದಾಳೆ, ಮ್ಮ್..." ಎಂದು ಥೇಟ್ ಅಪ್ಪನ ಹಾಗೇ ಅಣಕಿಸುವಳು. ಮನೆಯೆಲ್ಲ ನಗು. ಆ ನಗುವಿನಲ್ಲಿ ಹೆಂಡತಿಯ ಮಾತು ಹೊಲಿಗೆ ಯಂತ್ರದ ಸದ್ದಿಗೆ ಸಿಕ್ಕಿದ ಹಾಗೆ ಕಳೆದುಹೋಗುತ್ತಿತ್ತು.

ಮಗಳಿಗೆ ಹದಿನಾಲ್ಕು ತುಂಬಿದ ವರ್ಷ ಅವಳ ತಮ್ಮ, ಅಕ್ಕನ ಕೈಗೆ ಎಟುಕದ ಸಕ್ಕರೆ ಡಬ್ಬಿಯನ್ನು ತಾನೇ ಇಳಿಸಿಕೊಟ್ಟ.

"ಅಕ್ಕಾ, ಇನ್ಮೇಲೆ ತಂಗೀ ಅಂತ ಕರೀಲಾ?"

ಅವಳು ಅವನನ್ನು ಅಣಕಿಸಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಹೆಂಡತಿ ಮಾಸ್ಟರ ಕೈಯಿಂದ ಕತ್ತರಿ ಕಿತ್ತುಕೊಂಡಳು. "ನಾಳೆ ಅಂಗಡಿ ಮುಚ್ಚಿ. ಡಾಕ್ಟರ ಹತ್ರ ಕರ್ಕೊಂಡು ಹೋಗಿ."

ಡಾಕ್ಟರಮ್ಮ ಹುಡುಗಿಯ ಕೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ವರ್ಷಕ್ಕೆ ಎಷ್ಟು ಬೆಳೀತಿದ್ಲು?"

"ನಾಲ್ಕು ಬೆರಳು ಮೇಡಂ. ಪ್ರತಿ ವರ್ಷ ನಾನೇ ಇಳಿಸ್ತೀನಿ."

"ಏನನ್ನ?"

"ಲಂಗಾನ."

"ನಾನು ಕೇಳಿದ್ದು ಹುಡುಗಿ ಎಷ್ಟು ಬೆಳೆದ್ಲು ಅಂತ."

ಮಾಸ್ಟರ ಕಣ್ಣ ಮುಂದೆ ಬಂದದ್ದು ಅಂಗಡಿಯ ಬಕೆಟ್ಟು. ಮಗಳ ಬಟ್ಟೆ ಅದರೊಳಗೆ ಎಂದೂ ಇಳಿದಿರಲಿಲ್ಲ. ಇಷ್ಟು ವರ್ಷ ಲಂಗ ಕುಗ್ಗಿತ್ತು. ಅವರು ಮಗಳು ಹಿಗ್ಗಿದಳೆಂದು ಹಿಗ್ಗಿದ್ದರು. ಅಳೆಯದೆ ಹೊಲಿದವರಿಗೆ ಈಗ ಅಳುವುದೂ ಬರಲಿಲ್ಲ.

"ಎರಡು ವರ್ಷ ಮುಂಚೆ ಬಂದಿದ್ರೆ ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತು" ಎಂದರು ಡಾಕ್ಟರಮ್ಮ. "ಈಗ ಎಲುಬಿನ ತುದಿಗಳು ಕೂಡಿಬಿಟ್ಟಿವೆ. ಇನ್ನು ಬೆಳೆಯಲ್ಲ."

"ಸ್ವಲ್ಪಾನೂ?" ಎಂದಳು ಹುಡುಗಿ.

"ಇಲ್ಲ ಪುಟ್ಟಾ."

"ಕೂಡಿರೋದನ್ನ ಬಿಚ್ಚೋಕಾಗಲ್ವಾ ಮೇಡಂ?" ಮಾಸ್ಟರ ದನಿ ನೂಲಿನಷ್ಟು ಸಣ್ಣಗಾಗಿತ್ತು. "ಹುಷಾರಾಗಿ, ಒಂದೊಂದೇ..."

"ಅದು ಹೊಲಿಗೆ ಅಲ್ಲಪ್ಪಾ."

ಮೆಟ್ಟಿಲಿಳಿಯುವಾಗ ಮಾಸ್ಟರು ಕಂಬಿ ಹಿಡಿದು ನಿಂತರು. "ನಿನ್ನ ಬಟ್ಟೇನೂ ನೆನೆಸಬೇಕಿತ್ತು ಕಣಮ್ಮ. ನೆನೆಸಿದ್ರೆ ಆಗಲೇ ಗೊತ್ತಾಗ್ತಿತ್ತು."

ಮಗಳು ಯಾರನ್ನೂ ಅಣಕಿಸದೆ, ತನ್ನದೇ ದನಿಯಲ್ಲಿ, "ನಾನೂ ಗಿರಾಕಿ ಆಗಿರಬೇಕಿತ್ತಪ್ಪ" ಎಂದಳು.

ಬಸ್ಸಿನಲ್ಲಿ ಕಂಡಕ್ಟರು ಇಬ್ಬರನ್ನೂ ಒಮ್ಮೆ ನೋಡಿ, "ಒಂದು ಫುಲ್ಲು, ಒಂದು ಹಾಫು" ಎಂದ.

"ಎರಡೂ ಫುಲ್ಲೇ" ಎಂದಳು ಹುಡುಗಿ.

"ಅಬ್ಬಬ್ಬಾ! ಏನವಸರಮ್ಮ ನಿಂಗೆ? ಬೆಳೀತೀಯ, ಬೆಳೀತೀಯ!"

ಹಿಂದಿನ ಸೀಟಿನವರು ನಕ್ಕರು. ಹುಡುಗಿ, ನೀನಾದರೂ ಹೇಳು ಎನ್ನುವಂತೆ ಅಪ್ಪನ ಮುಖ ನೋಡಿದಳು. ಮಾಸ್ಟರು ತಲೆ ತಗ್ಗಿಸಿ ಜೇಬಿನ ಚಿಲ್ಲರೆ ಎಣಿಸತೊಡಗಿದರು. ಕಂಡಕ್ಟರು ಕಾಯಲಿಲ್ಲ, ಹಾಫ್ ಟಿಕೇಟು ಹರಿದು ಅವರ ಕೈಯಲ್ಲಿಟ್ಟು ಮುಂದಕ್ಕೆ ಹೋದ.

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಬಸ್ಸು ಕುಲುಕಿದಾಗಲೆಲ್ಲ, ನೆಲಕ್ಕೆ ತಾಗದ ಅವಳ ಎರಡು ಪಾದಗಳು ಗಾಳಿಯಲ್ಲಿ ಆಡುತ್ತಿದ್ದವು.