ಒಳಗೆ ಬಿಟ್ಟ ಬಟ್ಟೆ

ಎಲೆ ಉದುರುವ ಕಾಲ ಬಂತೆಂದರೆ ದರ್ಜಿಯಕ್ಕನ ಅಂಗಡಿಗೆ ಸತ್ತವರ ಗಿರಾಕಿ ಶುರು. ಇದು ಅವಳದೇ ಮಾತು. ಬೇಸಿಗೆಯಲ್ಲಿ ಮದುವೆಯವರು, ಆಮೇಲೆ ಶಾಲೆಯ ಮಕ್ಕಳು, ಚಳಿ ಹತ್ತಿದ ಮೇಲೆ ಝಿಪ್ಪು ಕಿತ್ತುಕೊಂಡು ಬರುವವರು. ಇವರೆಲ್ಲರ ನಡುವೆ, ಬೀದಿಯ ಮರಗಳು ಹಳದಿಯಾಗಿ ಚರಂಡಿ ತುಂಬ ಎಲೆ ಸುರಿಸುವ ಕೆಲವು ವಾರ ಮಾತ್ರ ತೀರಿಕೊಂಡವರ ಕೆಲಸ. ಆ ಬೀದಿಯಲ್ಲಿ ಎಲ್ಲೆಲ್ಲಿಂದಲೋ ಬಂದು ನೆಲೆಯೂರಿದವರಿದ್ದರು. ಒಬ್ಬರ ಊಟ ಇನ್ನೊಬ್ಬರಿಗೆ ಸೇರದು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೆ ಎಲೆ ಉದುರುವುದು ಎಲ್ಲರ ಕಣ್ಣಿಗೂ ಒಟ್ಟಿಗೇ ಬೀಳುತ್ತಿತ್ತಲ್ಲ, ಹೋದವರ ನೆನಪೂ ಎಲ್ಲರಿಗೂ ಆಗಲೇ ಬರುತ್ತಿತ್ತು.

ಮೊದಲು ಬರುವವನು ಗಡಿಯಾರ ರಿಪೇರಿಯವನು. ಅವನ ಕಡೆಯವರಲ್ಲಿ ಸತ್ತವರಿಗೆ ವರ್ಷಕ್ಕೊಂದು ಹೊಸ ಅಂಗಿ ಹೊಲಿಸಿ, ಸಮಾಧಿಯ ಮೇಲೆ ಒಂದು ಹಗಲು ಇಟ್ಟು, ಆಮೇಲೆ ಇಲ್ಲದವರಿಗೆ ಕೊಟ್ಟುಬಿಡುತ್ತಾರೆ.

"ಅಪ್ಪನದು ಅದೇ ಅಳತೆ ತಾನೆ?" ಎಂದು ದರ್ಜಿಯಕ್ಕ ಕೇಳಿದಳು.

"ಮತ್ತಿನ್ನೇನು! ಸತ್ತವರಂಥ ಗಿರಾಕಿ ನಿಮಗೆ ಎಲ್ಲಿ ಸಿಗ್ತಾರೆ ಹೇಳಿ? ದಪ್ಪ ಆಗಲ್ಲ, ಸಣ್ಣ ಆಗಲ್ಲ, ಕತ್ತು ಬಿಗಿ ಅಂತ ವಾಪಸ್ ತರಲ್ಲ."

"ಹೊಗಳೋದೂ ಇಲ್ಲ."

"ಅದನ್ನ ಬದುಕಿರೋರು ಮಾಡ್ತಾರೇನು?" ಎಂದು ಅವನು ನಕ್ಕು ಹೋದ.

ಅವನ ಹಿಂದೆಯೇ ನರ್ಸಮ್ಮ ಬಂದಳು, ತೋಳಿನ ಮೇಲೆ ದೊಡ್ಡ ಹೂವಿನ ಬಟ್ಟೆ ಹಾಕಿಕೊಂಡು. ಅವಳ ಮನೆಯವರೆಲ್ಲ ಆ ದಿನ ಸಮಾಧಿ ತೊಳೆದು, ಪಕ್ಕದಲ್ಲೇ ಬಟ್ಟೆ ಹಾಸಿ, ಬುತ್ತಿ ಬಿಚ್ಚಿ, ಸತ್ತವರ ಪೆದ್ದುತನದ ಕತೆಗಳನ್ನು ಹೇಳಿಕೊಂಡು ನಗುತ್ತಾರಂತೆ. ಅಳುವವರಿಗೆ ಊಟವಿಲ್ಲ. "ಅಂಚು ಹರಿದಿದೆ ಅಕ್ಕ, ಮಡಿಚಿ ಹೊಲಿದುಕೊಡಿ. ಹೋದ ವರ್ಷ ನಮ್ಮ ದೊಡ್ಡಪ್ಪ ನಗ್ತಾ ನಗ್ತಾ ಅದರ ಮೇಲೇ ಉರುಳಿಬಿಟ್ಟರು."

ಪ್ರತಿ ವರ್ಷ ಇವರನ್ನೆಲ್ಲ ನೋಡಿ ದರ್ಜಿಯಕ್ಕ ಹಗುರಾಗಿ ನಗುತ್ತಿದ್ದಳು. ಈ ವರ್ಷ ನಗಲಿಲ್ಲ. ಅವಳ ಅತ್ತೆ ತೀರಿಕೊಂಡದ್ದು ಇದೇ ವರ್ಷ, ಮರ ಚಿಗುರುವ ಹೊತ್ತಿಗೆ. ಅಂಗಡಿಯ ಹಿಂದಿನ ಕೋಣೆಯ ಗೂಟದಲ್ಲಿ ಅತ್ತೆಯ ಹಸಿರು ಕೋಟು ಅಂದಿನಿಂದ ನೇತಾಡುತ್ತಲೇ ಇತ್ತು. ಅದರ ಸರದಿ ಈಗ ಬಂದಿತ್ತು.

ಗಂಡನ ಮನೆಯ ರೂಢಿ ಅದು. ಮನೆಯ ಹಿರಿಯಳು ಹೋದ ಮೇಲೆ ಬರುವ ಮೊದಲ ಎಲೆಗಾಲದಲ್ಲಿ, ಸೊಸೆ ಅವಳ ಕೋಟನ್ನೇ ತೊಟ್ಟು ಸಮಾಧಿಯ ಮುಂದೆ ನಿಂತು "ಮನೆ ನಡೀತಾ ಇದೆ" ಎನ್ನಬೇಕು. ಅಷ್ಟೇ. ದೀಪವಿಲ್ಲ, ಹೂವಿಲ್ಲ. ಅಂದಿನಿಂದ ಕೋಟು ಅವಳದು, ಹಿರಿತನವೂ ಅವಳದು. ಅತ್ತೆಯೂ ತನ್ನ ಅತ್ತೆಯ ಕೋಟು ತೊಟ್ಟು ಹಾಗೇ ನಿಂತಿದ್ದಳು. ಕಟ್ಟಳೆ ಒಂದೇ: ಕೋಟಿಗೆ ಬೇರೆ ಬಟ್ಟೆ ಸೇರಿಸುವಂತಿಲ್ಲ. ಸೊಸೆಯ ಮೈಗೆ ಕೂಡದಿದ್ದರೆ ಮಗಳು ತೊಡಬೇಕು.

ಕೂಡುವ ಮಾತೆಲ್ಲಿ? ಅತ್ತೆ ಒಣಗಿದ ಕಡ್ಡಿ. ಹೆಗಲು ಮಾತ್ರ ಅಗಲ, ಬಟ್ಟೆ ತೂಗುಹಾಕುವ ಹ್ಯಾಂಗರಿನ ಹಾಗೆ. ದರ್ಜಿಯಕ್ಕ ಮೈತುಂಬಿದ ಹೆಂಗಸು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೆಷಿನ್ನಿನ ಮುಂದೆ ಕೂತು ಕೂತು ನಡು ಎನ್ನುವುದು ಎಲ್ಲಿತ್ತೋ ಅವಳಿಗೇ ಮರೆತುಹೋಗಿತ್ತು.

"ಅತ್ತಿಗೆ, ಸುಮ್ಮನೆ ಒಂದ್ಸಲ ಹಾಕಿ ನೋಡಿ," ಎಂದಳು ನಾದಿನಿ. ಅಂಚೆ ಕಚೇರಿಯ ಕೆಲಸ ಮುಗಿಸಿ ಅವಳು ನೇರ ಅಂಗಡಿಗೆ ಬಂದಿದ್ದಳು. ತಲೆ ನರೆತಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ.

ದರ್ಜಿಯಕ್ಕ ತೊಟ್ಟಳು. ಹೆಗಲು ಹೇಳಿ ಮಾಡಿಸಿದ ಹಾಗೆ ಕೂತಿತು. ಮುಂದೆ ಮಾತ್ರ ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ದಾರಿ.

ಪುಟ್ಟಿ ತುಟಿ ಕಚ್ಚಿ ಹಿಡಿದಳು. ಆದರೂ ನಗು ಸೋರಿತು. "ಉಸಿರು ಎಳ್ಕೊಳ್ಳಿ."

"ಎಳ್ಕೊಂಡೇ ನಿಂತಿದ್ದೀನಿ ಕಣೇ."

"ಹಾಗಿದ್ರೆ ಬಿಟ್ಟುಬಿಡಿ. ಪಾಪ, ಗುಂಡಿ ಹಾರಿ ಯಾರ ಕಣ್ಣಿಗಾದ್ರೂ ಬಿದ್ದೀತು." ಆಮೇಲೆ ಮೆಲ್ಲಗೆ ಹೇಳಿದಳು: "ನೋಡಿ ಅತ್ತಿಗೆ, ನಂಗೆ ಆಸೆ ಏನಿಲ್ಲ. ಆದರೆ ಚಿಕ್ಕಮ್ಮಂದಿರು ಆಗಲೇ ಕೇಳ್ತಾ ಇದ್ದಾರೆ. ಭಾನುವಾರ ಎಲ್ಲರೂ ಬರ್ತಾರೆ. ನಿಮಗೆ ಕೂಡದಿದ್ರೆ ನಾನೇ ಹಾಕ್ತೀನಿ, ಕತೆ ಮುಗೀತು."

"ಹಾಕು," ಎಂದಳು ದರ್ಜಿಯಕ್ಕ. ಹೇಳಿದ ಕೂಡಲೇ ಎದೆಯೊಳಗೆ ಎಲ್ಲೋ ಸೂಜಿ ಚುಚ್ಚಿತು.

ಸಂಜೆ ಬಸ್ಸು ಡಿಪೋಗೆ ಬಿಟ್ಟು ಬಂದ ಗಂಡನಿಗೆ ಹೇಳಿದರೆ, ಅವನು ಬೂಟು ಕಳಚುತ್ತಾ, "ಅಮ್ಮ ಇದ್ದಾಗಲೇ ನಿಮ್ಮಿಬ್ಬರ ಮಧ್ಯೆ ನಾನು ಬಾಯಿ ಹಾಕ್ತಿರಲಿಲ್ಲ. ಈಗ ಹಾಕ್ತೀನಾ?" ಎಂದ.

ಅವಳಿಗೆ ಕೋಟು ಬೇಕಿತ್ತೇ? ಅದೇ ತಿಳಿಯುತ್ತಿರಲಿಲ್ಲ. ಅವಳ ಕತ್ತರಿಗಿಂತ ಅತ್ತೆಯ ನಾಲಿಗೆ ಹರಿತ. ಬೀದಿಯೆಲ್ಲ ಮೆಚ್ಚಿದ ಕೈಯನ್ನು ಅತ್ತೆ ಒಂದು ದಿನವೂ ಚೆನ್ನಾಗಿದೆ ಅಂದವಳಲ್ಲ. ಯಾವ ಬಟ್ಟೆ ಹೊಲಿದುಕೊಟ್ಟರೂ ತಿರುಗಿಸಿ, ಒಳಮೈ ನೋಡಿ, "ಮುಂದೆ ಅಗಲ ಮಾಡೋಕೆ ಒಳಗೆ ಬಟ್ಟೆ ಬಿಟ್ಟಿದ್ದೀಯೇನೇ?" ಎನ್ನುವಳು. ಅತ್ತೆ ಹೋದ ಮೇಲೆ ಮನೆಯಲ್ಲಿ ಮೌನ ಬಂತು. ಮೊದಮೊದಲು ಹಿತವಾಗಿತ್ತು. ಈಗೀಗ ಹೊಲಿದ ಬಟ್ಟೆಯ ಒಳಮೈಯನ್ನು ತಾನೇ ತಿರುಗಿಸಿ ನೋಡುತ್ತಿದ್ದಳು, ಯಾರೋ ಕೇಳಿದಂತೆ. ಕೋಟು ತೊಟ್ಟರೆ ಆ ಹೆಂಗಸು ಮೈಮೇಲೆಯೇ ಬಂದು ಕೂರುತ್ತಾಳೆ ಎಂದು ಹೆದರಿಕೆ. ತೊಡದಿದ್ದರೆ, ಇಷ್ಟು ವರ್ಷ ಬೇಯಿಸಿ ಬಡಿಸಿ, ಕೊನೆಯ ಚಳಿಗಾಲದಲ್ಲಿ ತಲೆ ಬಾಚಿ, ಕಾಲು ಒತ್ತಿ, ಕೊನೆಗೂ ತಾನು ಆ ಮನೆಗೆ ಕೂಡಲಿಲ್ಲವೆಂದು ಎಲ್ಲರ ಮುಂದೆ ಸಾಬೀತಾದ ಹಾಗೆ. ಅದನ್ನು ನುಂಗಿಕೊಳ್ಳುವುದು ಇನ್ನೂ ಕಷ್ಟ.

ಮರುದಿನ ಎದುರುಮನೆಯ ಅಜ್ಜಿ ತೀರಿಹೋದ ಗಂಡನ ಕಪ್ಪು ಕೋಟು ತಂದಳು. ವರ್ಷವೂ ತರುತ್ತಾಳೆ, ಗುಂಡಿ ಬಿಗಿಮಾಡಿಸಲು. ಆ ಸಂಜೆ ಅದನ್ನು ಕುರ್ಚಿಗೆ ತೊಡಿಸಿ, ದೀಪ ಹಚ್ಚಿ, ದೀಪ ಆರುವವರೆಗೆ ಎದುರಿಗೆ ಮಾತಿಲ್ಲದೆ ಕೂರುತ್ತಾಳೆ. ಅವಳ ಕಡೆಯವರ ಕ್ರಮ ಹಾಗೆ.

ದರ್ಜಿಯಕ್ಕ ಸೂಜಿಗೆ ದಾರ ಪೋಣಿಸುತ್ತಾ ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟಳು. "ಅಲ್ಲ ಅಜ್ಜಿ, ಯಾರೂ ಹಾಕದ ಕೋಟಿನ ಗುಂಡಿ ಅದು ಹೇಗೆ ಸಡಿಲ ಆಗುತ್ತೆ?"

"ನಾನು ಹಾಕಿ ತೆಗೆದು ಮಾಡ್ತೀನಲ್ಲ ತಾಯಿ. ಬೆಳಿಗ್ಗೆ ಅವರು ಕೆಲಸಕ್ಕೆ ಹೊರಟಾಗ ನಾನೇ ಗುಂಡಿ ಹಾಕ್ತಿದ್ದೆ. ಕೈಗೆ ಅಭ್ಯಾಸ."

"ಅವರು ನಿಮ್ಮನ್ನ ತುಂಬ ಚೆನ್ನಾಗಿ ನೋಡ್ಕೊಂಡಿದ್ರೇನೋ."

"ಯಾರು, ಅವರಾ?" ಅಜ್ಜಿ ಬೊಚ್ಚುಬಾಯಿ ಅಗಲಿಸಿ ನಕ್ಕಳು. "ಮಹಾ ಮುಂಗೋಪಿ! ಮಾತಾಡದೆ ಕೂರೋ ಕ್ರಮ ಇರೋದೇ ಒಳ್ಳೇದಾಯ್ತು. ಮಾತಾಡಿದ್ರೆ ಜಗಳ ಆಗ್ತಿತ್ತು." ಹೋಗುವಾಗ ಗೂಟದ ಕಡೆ ನೋಡಿದಳು. "ನಿಮ್ಮತ್ತೆದು ಅಲ್ವಾ? ಅದನ್ನ ಹಾಕ್ಕೊಂಡು ನನಗೆ ತೋರಿಸೋಕೆ ಬಂದಿದ್ದಳು. ಸೊಸೆ ಹೊಲಿದದ್ದು ಅಂತ."

"ಏನಂದ್ರು?"

"ಅದೇ, ಸೊಸೆ ಹೊಲಿದದ್ದು ಅಂತ. ಮತ್ತೇನು ಅನ್ನಬೇಕು?"

ಅಜ್ಜಿ ಹೋದ ಮೇಲೆ ದರ್ಜಿಯಕ್ಕನ ಕೈ ಮೆಷಿನ್ನಿನ ಮೇಲೆಯೇ ನಿಂತಿತು. ಹೌದು, ಅತ್ತೆಗೆ ಬಂದಿದ್ದ ಹಳೆಯ ಕೋಟು ಸವೆದುಹೋದ ಮೇಲೆ ಈ ಕೋಟನ್ನು ಅವಳೇ ಹೊಲಿದದ್ದು, ಮೈಯಲ್ಲಿ ಇನ್ನೂ ಸಪೂರವಿದ್ದ ಕಾಲದಲ್ಲಿ. ಅಂದು ನಡೆದ ಜಗಳ ಅಚ್ಚೊತ್ತಿದ ಹಾಗೆ ನೆನಪಿತ್ತು. ಒಳ್ಳೆಯ ಉಣ್ಣೆಯ ಬಟ್ಟೆ. ಎರಡು ಪಕ್ಕದಲ್ಲೂ, ಬೆನ್ನ ನಡುವೆಯೂ ಒಳಗೆ ನಾಲ್ಕು ಬೆರಳು ಬಟ್ಟೆ ಬಿಡಬೇಕೆಂದು ಅತ್ತೆಯ ಹಟ.

"ಯಾರಾದ್ರೂ ಅಷ್ಟು ಬಿಡ್ತಾರಾ ಅತ್ತೆ? ಒಳಗೆ ಗಂಟು ಕಟ್ಟಿದ ಹಾಗಿರುತ್ತೆ. ಈ ವಯಸ್ಸಲ್ಲಿ ನೀವೇನು ದಪ್ಪ ಆಗ್ತೀರಾ?"

"ಬಿಡು ಅಂದ್ರೆ ಬಿಡು."

ಅವಳು ರೇಗಿ ಕತ್ತರಿ ಹಿಡಿದದ್ದು ನೆನಪಿದೆ. ಬಟ್ಟೆಯ ಅಂಚಿಗೆ ಕತ್ತರಿಯ ಬಾಯಿ ತಾಗಿಸಿದ್ದೂ ನೆನಪಿದೆ. ಆಮೇಲೆ ಕತ್ತರಿಸಿದಳೋ ಬಿಟ್ಟಳೋ? ಬೀದಿಯ ಅರ್ಧ ಜನರ ಎದೆ, ಸೊಂಟ, ತೋಳಿನ ಅಳತೆ ಟೇಪಿಲ್ಲದೆ ಹೇಳಬಲ್ಲವಳಿಗೆ ಇದೊಂದು ನೆನಪಾಗಲಿಲ್ಲ. ಜಗಳದ ಮಾತು ಒಂದೊಂದೂ ಉಳಿದಿದೆ, ಕೈ ಏನು ಮಾಡಿತೋ ಅದು ಮರೆತಿದೆ. ಆದರೆ ಸಿಟ್ಟು ಬಂದಾಗ ತಾನು ಎಂಥವಳು ಎಂದು ಅವಳಿಗೆ ಗೊತ್ತಿತ್ತು. ಕತ್ತರಿಸಿಯೇ ಇರುತ್ತೇನೆ ಎಂದುಕೊಂಡಳು.

ಮೇಜಿನ ಮೇಲೆ ಕೋಟು ಮಗುಚಿ ಹಾಕಿ, ಒಳಪದರದ ಅಸ್ತರಿನ ಪಕ್ಕದ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಒಂದೊಂದೇ ಬಿಚ್ಚಿದಳು. ಬೆರಳು ಒಳಗೆ ಹಾಕಿದಳು.

ಬಟ್ಟೆ ಇತ್ತು.

ನಾಲ್ಕು ಬೆರಳಿಗೆ ಒಂದು ಎಳೆ ಕಡಿಮೆಯಿಲ್ಲ. ಆ ಬದಿಯಲ್ಲೂ ಇತ್ತು, ಬೆನ್ನಲ್ಲೂ ಇತ್ತು. ಕತ್ತರಿ ಕೆಳಗಿಟ್ಟಿದ್ದಳು ಹಾಗಾದರೆ. ಆ ಸಿಟ್ಟಿನಲ್ಲೂ ಅತ್ತೆಯ ಮಾತು ಕೇಳಿದ್ದಳು! ಅವಳು ಅಸ್ತರನ್ನು ಇನ್ನಷ್ಟು ಅಗಲಿಸಿ ಬೆಳಕಿಗೆ ಹಿಡಿದಳು. ಅಲ್ಲಿ ಅವಳದಲ್ಲದ ಕೆಲಸ ಒಂದು ಕಂಡಿತು.

ಒಳಗಿನ ಬಟ್ಟೆಯ ಅಂಚಿನುದ್ದಕ್ಕೂ ಯಾರೋ ಕೈಹೊಲಿಗೆ ಹಾಕಿದ್ದರು. ಎಳೆ ಬಿಚ್ಚಿಕೊಂಡು ಅಂಚು ಸವೆಯದಿರಲೆಂದು ಸುತ್ತು ಹಾಕುತ್ತಾರಲ್ಲ, ಹಾಗೆ. ಹಸಿರು ಬಟ್ಟೆಗೆ ಬಿಳೀ ದಾರ. ಒಂದು ಹೊಲಿಗೆ ಗಿಡ್ಡ, ಇನ್ನೊಂದು ಉದ್ದ. ದಾರಿ ತಪ್ಪಿದ ಇರುವೆ ಸಾಲಿನ ಹಾಗೆ ಅದು ಅಂಕುಡೊಂಕಾಗಿ ತೋಳಿನಡಿಯಿಂದ ಕೆಳಗಿನ ಅಂಚಿನವರೆಗೂ ಇಳಿದಿತ್ತು. ಇಂಥ ಹೊಲಿಗೆ ಹಾಕುವವರು ಆ ಮನೆಯಲ್ಲಿ ಒಬ್ಬರೇ. ಅತ್ತೆಗೆ ಗುಂಡಿ ಹಚ್ಚಲೂ ನೆಟ್ಟಗೆ ಬರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಬೇರೆಯವರನ್ನು ಕರೆಯುತ್ತಿದ್ದಳು. ಹೊಲಿಗೆ ಬಲ್ಲ ಸೊಸೆ ಮನೆಯಲ್ಲೇ ಇರುವಾಗ, ಅವಳಿಗೆ ತಿಳಿಯದಂತೆ ಅಸ್ತರು ಬಿಚ್ಚಿ, ಇಷ್ಟುದ್ದ ಹೊಲಿದು, ಮತ್ತೆ ಮುಚ್ಚಿದ್ದಳು. ತನಗೆ ಬೇಕಿದ್ದರೆ ಹೀಗೆ ಕದ್ದುಮುಚ್ಚಿ ಮಾಡುವ ಹೆಂಗಸಲ್ಲ ಅವಳು. ಕೂಗಿ ಮಾಡಿಸಿಕೊಳ್ಳುತ್ತಿದ್ದಳು.

"ಎಂಥ ಹೊಲಿಗೆ ಅತ್ತೆ ಇದು! ಕಣ್ಣಿಂದ ನೋಡೋ ಹಾಗಿಲ್ಲ," ಎಂದಳು ದರ್ಜಿಯಕ್ಕ, ಗಟ್ಟಿಯಾಗಿಯೇ. ಆಮೇಲೆ ಅಂಗಡಿಯ ಬಾಗಿಲು ಅರೆ ಮುಚ್ಚಿದಳು. ಕಣ್ಣೀರು ಬಂದದ್ದನ್ನು ಉಣ್ಣೆಗೆ ತಾಗದಂತೆ ತೋಳಿನಿಂದ ಒರೆಸಿಕೊಂಡಳು. ಉಣ್ಣೆಗೆ ನೀರು ಬಿದ್ದರೆ ಕಲೆ ಉಳಿಯುತ್ತದೆ.

ಶನಿವಾರ ಪುಟ್ಟಿ ಬಂದಾಗ, ಪಕ್ಕಗಳನ್ನು ಬಿಚ್ಚಿ ಅಗಲಿಸಿದ ಕೋಟು ಇನ್ನೂ ಕಚ್ಚಾ ಹೊಲಿಗೆಯಲ್ಲಿತ್ತು. ಬಿಳೀ ಹೊಲಿಗೆ ಬಿಚ್ಚದೆ ಬಟ್ಟೆ ಹೊರಗೆ ಬರುವಂತಿರಲಿಲ್ಲ. ಬಿಚ್ಚಿದ್ದಳು, ಆದರೆ ಕೆಳಗಿನ ಮಡಿಕೆಯೊಳಗೆ ಒಂದು ತುಂಡನ್ನು ಹಾಗೇ ಉಳಿಸಿದ್ದಳು. ಅದನ್ನು ತೋರಿಸಿದಳು.

ಪುಟ್ಟಿ ಆ ತುಂಡನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ, "ಅಲ್ಲಾ ಅತ್ತಿಗೆ," ಎಂದಳು, "ಅಂದ್ರೆ ನೀವು ದಪ್ಪ ಆಗ್ತೀರಿ ಅಂತ ಅಮ್ಮನಿಗೆ ಆಗಲೇ ಗೊತ್ತಿತ್ತು!"

ದರ್ಜಿಯಕ್ಕನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವನ್ನು ಉಗುಳಿ, ಮೇಜು ಹಿಡಿದು ನಕ್ಕಳು. ಪುಟ್ಟಿಯೂ ನಕ್ಕಳು. ನಗುತ್ತಾ ನಗುತ್ತಾ ಅತ್ತಳು, ಅಳುತ್ತಲೇ ಮತ್ತೆ ನಕ್ಕಳು.

"ಸತ್ತ ಮೇಲೂ ಚುಚ್ಚೋದು ಬಿಡಲಿಲ್ಲ ನಿಮ್ಮಮ್ಮ."

"ಈಗ ಸ್ವಲ್ಪ ಸಡಿಲ ಮಾಡಿದ್ದಾಳಲ್ಲ."

"ಪುಟ್ಟಿ," ಎಂದಳು ದರ್ಜಿಯಕ್ಕ, "ನಿಂಗೆ ನಿಜವಾಗಿ ಬೇಕಿದ್ರೆ ಈಗಲೂ ಹೇಳು. ಮತ್ತೆ ಒಳಗೆ ಹಿಡಿದು ಸಣ್ಣ ಮಾಡಿಕೊಡ್ತೀನಿ. ನಿನ್ನ ಅಮ್ಮನ ಕೋಟು."

ಪುಟ್ಟಿ ಕಣ್ಣೊರೆಸಿಕೊಂಡು ಬೇಡವೆಂದು ತಲೆಯಾಡಿಸಿದಳು. "ನನಗೆ ಅಂತಿದ್ರೆ ಬಟ್ಟೆ ಯಾಕೆ ಬಿಡಿಸ್ತಿದ್ಲು?"

ಭಾನುವಾರ ತಣ್ಣನೆ ಬಿಸಿಲು. ಸ್ಮಶಾನದ ದಾರಿಯ ಮೇಲೆ ಎಲೆಗಳು ಕಾಲಿಗೆ ಚರಚರ ಅನ್ನುತ್ತಿದ್ದವು. ಗಡಿಯಾರ ರಿಪೇರಿಯವನು ಅಪ್ಪನ ಅಂಗಿ ಗಾಳಿಗೆ ಹಾರದಂತೆ ಅಂಚಿನ ಮೇಲೆ ಕಲ್ಲು ಇಡುತ್ತಿದ್ದ. ಅತ್ತ ನರ್ಸಮ್ಮನ ಮನೆಯವರು ಹೂವಿನ ಬಟ್ಟೆ ಹಾಸಿಕೊಂಡು ಆಗಲೇ ಜೋರಾಗಿ ನಗುತ್ತಿದ್ದರು. ಅವಳ ದೊಡ್ಡಪ್ಪ ಈ ಸಲವೂ ಉರುಳುವ ಹವಣಿಕೆಯಲ್ಲಿದ್ದ.

ಚಿಕ್ಕಮ್ಮಂದಿರು ಮೊದಲು ನೋಡಿದ್ದು ದರ್ಜಿಯಕ್ಕ ತೊಟ್ಟ ಕೋಟಿನ ಗೆರೆಗಳನ್ನು. ಎಷ್ಟೋ ಚಳಿಗಾಲದ ಬಿಸಿಲು ತಿಂದು ಕೋಟಿನ ಹಸಿರು ಪಾಚಿಯಂತೆ ಮಸುಕಾಗಿತ್ತು. ಒಳಗಿನಿಂದ ಬಂದ ಬಟ್ಟೆ ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಕಡುಹಸಿರು. ಎರಡು ಪಕ್ಕಕ್ಕೂ ಬೆನ್ನಿಗೂ ಒಂದೊಂದು ಪಟ್ಟಿ.

"ಬೇರೆ ಬಟ್ಟೆ ಸೇರಿಸಿದ್ದೀಯೇನೇ?" ಎಂದಳು ಅವರಲ್ಲಿ ದೊಡ್ಡವಳು, ದನಿ ಏರಿಸಿ.

"ಇಲ್ಲ ಚಿಕ್ಕತ್ತೆ. ಇದರದ್ದೇ. ಒಳಗಿತ್ತು."

"ಗೆರೆ ಎದ್ದು ಕಾಣ್ತಾ ಇದೆಯಲ್ಲ."

"ಕಾಣಲಿ ಬಿಡಿ."

ದರ್ಜಿಯಕ್ಕ ಸಮಾಧಿಯ ಮುಂದೆ ಹೋಗಿ ನಿಂತಳು. ಮೇಲಿನ ಗುಂಡಿಯೊಂದು ಕಾಜಕ್ಕೆ ಬರಲೊಲ್ಲದೆ ಉಳಿದಿತ್ತು. ಉಳಿದವು ಬಂದಿದ್ದವು. ಎಲ್ಲರೂ ಕಾದರು. ಹೇಳಬೇಕಾದ ಮಾತು ಮೂರೇ ಪದ, ಅದೂ ಬಾಯಿಗೆ ಬರಲಿಲ್ಲ.

"ಅತ್ತೆ, ಕೋಟು ಕೂತಿದೆ," ಎಂದಳು.

"'ಮನೆ ನಡೀತಾ ಇದೆ' ಅನ್ನಬೇಕು ಅತ್ತಿಗೆ," ಎಂದು ಪುಟ್ಟಿ ಹಿಂದಿನಿಂದ ಪಿಸುಗುಟ್ಟಿದಳು.

"ಹೂಂ. ಮನೆಯೂ ನಡೀತಾ ಇದೆ."

ಸಮಾಧಿಯ ಮೇಲೆ ಎಲೆ ಬಿದ್ದಿತ್ತು. ಅತ್ತೆಗೆ ಅಂಗಳದಲ್ಲಿ ಒಂದು ಎಲೆ ಬಿದ್ದರೂ ಆಗುತ್ತಿರಲಿಲ್ಲ. ತೆಗೆಯಲೆಂದು ದರ್ಜಿಯಕ್ಕ ಬಗ್ಗಿದಳು. ಬೆನ್ನಿನ ಹೊಲಿಗೆ ಮೆಲ್ಲಗೆ ಕಿರ್ ಎಂದಿತು.

"ಅಯ್ಯೋ, ಹರೀತಾ?" ಎಂದಳು ಪುಟ್ಟಿ.

ದರ್ಜಿಯಕ್ಕ ಬಗ್ಗಿದಲ್ಲೇ ಕಿವಿಗೊಟ್ಟು ನಿಂತಳು.

"ಇಲ್ಲ," ಎಂದು ಇನ್ನೂ ಬಗ್ಗಿ, ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಎಲೆಗಳನ್ನು ಎರಡೂ ಕೈಯಿಂದ ಬಾಚಿ ತೆಗೆದಳು.